ಎಣ್ಣೆ ಕಾಣದ ಮುಚ್ಚಿಗೆ

ಯಾರಾದರೂ ಮೈಕಿನ ಮುಂದೆ ನಿಂತು ‘ನಮ್ಮ ಪರಂಪರೆಯನ್ನು ನಾವು ಕಾಪಾಡಬೇಕು’ ಎಂದು ಶುರು ಮಾಡಿದರೆ ಸಾಕು, ನಾನು ಈಗಲೂ ಕೂತಲ್ಲಿ ಕೂರುವುದಿಲ್ಲ. ಎದ್ದು ಹೊರಗೆ ಹೋಗಿ ನಿಲ್ಲುತ್ತೇನೆ. ಅಜ್ಜಿಗೆ ಭಾಷಣ ಕೇಳುವ ತಾಳ್ಮೆ ಇಲ್ಲ ಎಂದು ಮೊಮ್ಮಕ್ಕಳು ತಮಾಷೆ ಮಾಡುತ್ತಾರೆ. ತಾಳ್ಮೆ ಬೇಕಾದಷ್ಟು ಉಂಟು. ಆ ಒಂದು ಮಾತು ಮಾತ್ರ ಆಗುವುದಿಲ್ಲ. ದೇಶ ಹೇಗೆ ಕಾಪಾಡುತ್ತದೆ ಎಂಬುದನ್ನು ನಾನು ಹುಡುಗಿಯಾಗಿದ್ದಾಗಿನಿಂದ ಕಣ್ಣಾರೆ ನೋಡಿದವಳು. ನಮ್ಮ ಕೇರಿಯ ಪಳ್ಳಿಯನ್ನು ಕಾಪಾಡಿ ಕಾಪಾಡಿಯೇ ಮಣ್ಣು ಮಾಡಿದರು.

ಪಳ್ಳಿ ಎಂದರೆ ಮಸೀದಿ, ನಾವು ಬ್ಯಾರಿಗಳು ಹಾಗೆ ಹೇಳುವುದು. ನಮ್ಮದು ಮಂಗಳೂರಿನ ದೊಡ್ಡ ಪಳ್ಳಿಗಳ ಸಾಲಿಗೆ ಸೇರಿದ್ದಲ್ಲ. ನೇತ್ರಾವತಿಯ ಬದಿಗೆ, ಹಂಚಿನ ಕಾರ್ಖಾನೆಯ ಹೊಗೆ ಬಂದು ಬೀಳುವಷ್ಟು ಹತ್ತಿರದಲ್ಲಿತ್ತು. ಹೊರಗಿನಿಂದ ನೋಡಿದರೆ ಒಂದು ದೊಡ್ಡ ಹಂಚಿನ ಮನೆ, ಅಷ್ಟೆ. ಒಳಗೆ ಹೋಗಿ ತಲೆ ಎತ್ತಿದರೆ ಮಾತ್ರ ಯಾರಾದರೂ ಬಾಯಿ ಬಿಟ್ಟು ನಿಲ್ಲಬೇಕು. ಹಂಚಿನ ಮಾಡಿನ ಕೆಳಗೆ ಗೋಡೆಯಿಂದ ಗೋಡೆಗೆ ಹಲಸಿನ ಹಲಗೆಯ ಮುಚ್ಚಿಗೆ, ಅದರ ತುಂಬ ಕೆತ್ತನೆ. ಬಳ್ಳಿಯೊಳಗಿಂದ ಬಳ್ಳಿ, ಎಲೆಯ ಮೇಲೆ ಎಲೆ, ನಡುನಡುವೆ ಊಟದ ಹರಿವಾಣದಷ್ಟು ಅಗಲದ ತಾವರೆಗಳು. ದೇವಸ್ಥಾನಗಳ ಮರದ ಕೆಲಸ ಮಾಡುತ್ತಿದ್ದ ಆಚಾರಿಗಳೇ ಬಂದು ಕೂತು ಮಾಡಿದ್ದಂತೆ. ಮರ ಕೊಡಿಸಿದವರು ನನ್ನ ಅಜ್ಜನ ಅಜ್ಜ. ಹಾಗಾಗಿ ಆ ಮುಚ್ಚಿಗೆ ತನ್ನ ಮನೆಯದ್ದೇ ಎಂಬ ಗತ್ತು ಅಜ್ಜನಿಗಿತ್ತು.

ಈ ಅಜ್ಜ ನನ್ನ ಉಮ್ಮನ, ಅಂದರೆ ತಾಯಿಯ, ತಂದೆ. ನನ್ನ ತಂದೆ ಕೊಲಂಬೊದಲ್ಲಿ ವ್ಯಾಪಾರಕ್ಕಿದ್ದರು, ಉಮ್ಮನೂ ನಾನೂ ಅಜ್ಜನ ಮನೆಯಲ್ಲೇ ಇದ್ದದ್ದು. ಬಂದರಿನಲ್ಲಿ ಅಜ್ಜನಿಗೆ ಹುರಿಹಗ್ಗದ ಅಂಗಡಿ. ದೊಡ್ಡ ಗಂಟಲು, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಜಂಬ. ಇಸ್ತ್ರಿ ಇಲ್ಲದ ಅಂಗಿ ಹಾಕಿ ಅಂಗಳಕ್ಕೂ ಇಳಿಯುವವರಲ್ಲ. ಜಮಾತಿನ ಮುಖಂಡರೂ ಅವರೇ. ಪಳ್ಳಿಯ ವಿಷಯದಲ್ಲಿ ಅವರ ಮಾತೇ ಕಡೆಯ ಮಾತು.

ಮಳೆಗಾಲ ಹಿಡಿಯುವ ಮೊದಲು, ದೋಣಿಗಳನ್ನು ದಡಕ್ಕೆ ಎಳೆದು ಎಣ್ಣೆ ಹಚ್ಚುವ ಸಮಯಕ್ಕೇ ಪಳ್ಳಿಯ ಮುಚ್ಚಿಗೆಗೂ ಎಣ್ಣೆ ಹಚ್ಚುವುದು ನಮ್ಮಲ್ಲಿ ರೂಢಿ. ಗೇರುಬೀಜದ ಸಿಪ್ಪೆಯ ಎಣ್ಣೆ. ಅದನ್ನು ತೆಗೆಯುವ ಕೆಲಸ ಕೇರಿಯ ಹೆಂಗಸರದ್ದು. ಬುಡಕ್ಕೆ ತೂತು ಮಾಡಿದ ಮಡಕೆಯಲ್ಲಿ ಸಿಪ್ಪೆ ತುಂಬಿ ಬೆಂಕಿ ಕೊಟ್ಟರೆ ಕೆಳಗಿಟ್ಟ ಪಾತ್ರೆಗೆ ಕಪ್ಪಗೆ ತೊಟ್ಟಿಕ್ಕುತ್ತದೆ. ಥೂ, ಆ ನಾತವೇ! ಕಣ್ಣು ಉರಿ, ಗಂಟಲು ಉರಿ, ಕೈಗೆ ತಾಗಿದರೆ ಬೊಕ್ಕೆ. ಮೊಣಕೈವರೆಗೆ ತೆಂಗಿನೆಣ್ಣೆ ಸವರಿಕೊಂಡೇ ಉಮ್ಮ ಅದರ ಹತ್ತಿರ ಕೂರುತ್ತಿದ್ದರು. ಬಯ್ಯುತ್ತ ಬಯ್ಯುತ್ತ ತೆಗೆಯುತ್ತಿದ್ದರು, ಆದರೆ ಒಂದು ವರ್ಷವೂ ತಪ್ಪಿಸಿದವರಲ್ಲ.

ಗಂಡಸರು ಏಣಿ ಹತ್ತಿ ತೆಂಗಿನ ನಾರಿನ ಕುಂಚದಲ್ಲಿ ಹಚ್ಚುತ್ತಿದ್ದರು. ಆ ಒಂದು ದಿವಸ ನಮ್ಮಂಥ ಸಣ್ಣ ಹುಡುಗಿಯರಿಗೂ ಪಳ್ಳಿಯೊಳಗೆ ಪ್ರವೇಶ. ಎಣ್ಣೆಯ ಪಾತ್ರೆ ಕೊಂಡುಹೋಗಿ ಕೊಟ್ಟು, ಒಂದು ಮೂಲೆಯಲ್ಲಿ ಅಂಗಾತ ಮಲಗಿ ಮೇಲೆ ನೋಡುತ್ತ ಇರುತ್ತಿದ್ದೆವು. ಎಣ್ಣೆ ಕುಡಿದ ತಾವರೆ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಬಗ್ಗಿ ನೆಲ ಒರೆಸುವವರು, ಏಣಿ ಹಿಡಿಯುವವರು, ‘ಅಲ್ಲಿ ಬಿಟ್ಟು ಹೋಯಿತು ಮಾರಾಯ, ಆ ಸಂದಿಗೆ ಹಾಕು’ ಎಂದು ಕೆಳಗಿನಿಂದ ಬೊಬ್ಬೆ ಹೊಡೆಯುವವರು. ಅಜ್ಜ ಕೆಲಸ ಮಾಡುತ್ತಿರಲಿಲ್ಲ, ಬೊಬ್ಬೆ ಹೊಡೆಯುವವರ ಪೈಕಿ.

ನಾನು ಇನ್ನೂ ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲಕ್ಕೆ ಮದ್ರಾಸಿನಿಂದ ಒಬ್ಬ ಅಧಿಕಾರಿ ಬಂದ. ಆಗ ನಾವು ಮದ್ರಾಸು ರಾಜ್ಯಕ್ಕೆ ಸೇರಿದವರು. ಹಳೆಯ ಕಟ್ಟಡಗಳನ್ನು ಹುಡುಕಿ ರಕ್ಷಣೆ ಮಾಡುವ ಇಲಾಖೆಯವನಂತೆ. ಯಾರೋ ಹೇಳಿ ನಮ್ಮ ಪಳ್ಳಿ ನೋಡಲು ಬಂದವನು ಮಧ್ಯಾಹ್ನವಿಡೀ ಕತ್ತು ಮೇಲೆ ಮಾಡಿಕೊಂಡೇ ನಿಂತಿದ್ದ. ಏಣಿ ತರಿಸಿ ಹತ್ತಿದ. ಒಂದು ಎಲೆಯ ಮೇಲೆ ಉಗುರಿನಿಂದ ಗೀರಿ ಕಪ್ಪು ತೆಗೆದಾಗ ಒಳಗಿನಿಂದ ಹಲಸಿನ ಅರಸಿನ ಬಣ್ಣ ಕಂಡಿತಂತೆ. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಜೊತೆಯ ಗುಮಾಸ್ತ ಕನ್ನಡ ಮಾಡಿದ: ಇದು ನಿಮ್ಮ ಕೇರಿಯ ಸೊತ್ತಲ್ಲ, ಇಡೀ ದೇಶದ ಸೊತ್ತು. ಈ ಕೊಳಕು ಎಣ್ಣೆ ಹಚ್ಚಿ ಹಚ್ಚಿ ನೀವು ಇದನ್ನು ಹಾಳು ಮಾಡಿದ್ದೀರಿ. ಇನ್ನು ಮೇಲೆ ಒಂದು ಹನಿ ಹಚ್ಚಬಾರದು. ನಮ್ಮವರೇ ಬಂದು ಔಷಧಿ ಹಾಕಿ ತೊಳೆದು, ಬೇಕಾದದ್ದನ್ನು ಬಳಿದು ಹೋಗುತ್ತಾರೆ.

ಸ್ವಲ್ಪ ಸಮಯದಲ್ಲೇ ಬೋರ್ಡು ಬಂತು. ನೀಲಿ ತಗಡಿನ ಮೇಲೆ ಬಿಳಿ ಇಂಗ್ಲಿಷ್ ಅಕ್ಷರ. ಮುಟ್ಟಿದರೆ, ಕೆಡಿಸಿದರೆ, ಬದಲಾಯಿಸಿದರೆ ದಂಡ ಉಂಟು, ಜೈಲು ಉಂಟು ಎಂದು ಅದರ ಅರ್ಥ. ಅದನ್ನು ಪಳ್ಳಿಯ ಎದುರಿನ ಗೋಡೆಗೆ ಹೊಡೆದು ಹೋದರು.

ಅಜ್ಜನ ಸಂಭ್ರಮ ನೋಡಬೇಕಿತ್ತು! ಮದುವೆಮನೆಯ ಹಾಗೆ ಶರಬತ್ತು ಹಂಚಿಸಿದರು. ಬಂದರಿನಲ್ಲಿ ಅಂಗಡಿಗೆ ಬಂದವರನ್ನೆಲ್ಲ ಹಿಡಿದು ಹಿಡಿದು ಹೇಳಿದರು: ‘ನಮ್ಮ ಪಳ್ಳಿ ಈಗ ದೆಹಲಿಯ ಲೆಕ್ಕದಲ್ಲಿ ಉಂಟು ಗೊತ್ತುಂಟಾ?’ ದೆಹಲಿ ಎಲ್ಲಿ, ಮದ್ರಾಸು ಎಲ್ಲಿ, ಅವರಿಗೆ ಎಲ್ಲ ಒಂದೇ.

ಈಗಿನವರಿಗೆ ಇದು ಹುಚ್ಚಾಟದ ಹಾಗೆ ಕಾಣಬಹುದು. ಆದರೆ ದೇಶ ಎರಡಾಗಿ ಹೆಚ್ಚು ವರ್ಷ ಆಗಿರಲಿಲ್ಲ. ಬಂದರಿನಲ್ಲಿ ಮೂಟೆ ಹೊರುವವನೂ ನಗೆಯಾಡುತ್ತ ‘ಬ್ಯಾರಿಗಳೇ, ಕರಾಚಿಗೆ ಹಡಗು ಯಾವಾಗ?’ ಎಂದು ಕೇಳಿ ಹೋಗುತ್ತಿದ್ದ. ತಮಾಷೆಯೇ. ಅಜ್ಜ ಕೂಡ ನಗುತ್ತಿದ್ದರು. ಮನೆಗೆ ಬಂದು ಊಟ ಬಿಟ್ಟು ಮಲಗುತ್ತಿದ್ದರು. ಅಂಥವರ ಪಳ್ಳಿಯನ್ನು ಸರಕಾರವೇ ಬಂದು ದೇಶದ ಸೊತ್ತು ಎಂದು ಬರೆದು ಗೋಡೆಗೆ ಹೊಡೆದರೆ ಅವರಿಗೆ ಹೇಗೆ ಆಗಿರಬೇಡ. ಆ ತಗಡು ಅಜ್ಜನ ಮಟ್ಟಿಗೆ ಪಳ್ಳಿಗೆ ಸಿಕ್ಕಿದ್ದಲ್ಲ, ತಮಗೆ ಸಿಕ್ಕಿದ್ದು.

ಆ ಬೇಸಗೆ ಉಮ್ಮ ಗೇರು ಸಿಪ್ಪೆ ತರಿಸಲು ಹೇಳಿದಾಗ ಅಜ್ಜ ಹುಬ್ಬು ಗಂಟಿಕ್ಕಿದರು.

‘ಸರಕಾರ ಬೇಡ ಹೇಳಿದೆ. ನಿನಗೆ ಹೆಚ್ಚು ಗೊತ್ತುಂಟಾ, ಸರಕಾರಕ್ಕಾ?’

‘ಅವರು ಯಾವಾಗ ಬರುವುದು ಔಷಧಿ ಹಾಕ್ಲಿಕ್ಕೆ?’

‘ಬರ್ತಾರೆ. ದೊಡ್ಡ ಕೆಲಸ. ನಿನ್ನ ಗೇರೆಣ್ಣೆಯ ಹಾಗೆ ಅಲ್ಲ.’

ಆ ನಾತದಿಂದ ತಪ್ಪಿಸಿಕೊಂಡೆವಲ್ಲ ಎಂದು ನಾವು ಹುಡುಗಿಯರಿಗೆ ಖುಷಿಯೇ ಆಯಿತು. ಮರುವರ್ಷವೂ ಹಚ್ಚಲಿಲ್ಲ. ಅದರ ಮರುವರ್ಷವೂ ಇಲ್ಲ. ಔಷಧಿಯವರ ಸುದ್ದಿಯೇ ಇಲ್ಲ. ಆದರೆ ಶುಕ್ರವಾರ ಶುಕ್ರವಾರ ಜುಮಾಕ್ಕೆ ಮೊದಲು ಅಜ್ಜ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಬೋರ್ಡನ್ನು ತಾವೇ ಒರೆಸುತ್ತಿದ್ದರು. ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದಲ್ಲ! ಇಂಥ ಬುದ್ಧಿಗೆ ಎಂತ ಹೇಳುವುದು? ಮರಕ್ಕೆ ಎಣ್ಣೆ ಇಲ್ಲ, ತಗಡಿಗೆ ಎಣ್ಣೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಷ್ಟರಲ್ಲಿ ನಾನು ದೊಡ್ಡವಳಾದೆ, ಪಳ್ಳಿಯೊಳಗೆ ಕಾಲಿಡುವ ಹಾಗಿರಲಿಲ್ಲ. ಆದರೂ ಒಳಗೆ ಆಗುತ್ತಿದ್ದದ್ದು ಗಂಡಸರಿಗಿಂತ ಮೊದಲು ನಮಗೆ ಗೊತ್ತಾಯಿತು. ಬಟ್ಟೆ ಒಗೆಯುವವರು ನಾವು ತಾನೆ? ಶುಕ್ರವಾರ ಹಾಕಿಹೋದ ಬಿಳಿ ಅಂಗಿಯ ಹೆಗಲಿನ ಮೇಲೆ ಕೆಂಪು ಮಣ್ಣಿನ ಹುಡಿ. ಮೊದಲು ಹಂಚಿನ ಕಾರ್ಖಾನೆಯ ಧೂಳು ಅಂದುಕೊಂಡೆವು. ಉಮ್ಮ ಒಂದು ದಿವಸ ಒಗೆಯುವ ಕಲ್ಲಿನ ಹತ್ತಿರ ಅಂಗಿಯನ್ನು ಮೂಗಿಗೆ ಹಿಡಿದು ನೋಡಿ, ‘ಇದು ಒರಲೆಯ ಮಣ್ಣು’ ಅಂದರು. ಒರಲೆ ಎಂದರೆ ಗೆದ್ದಲು, ನಮ್ಮ ಕಡೆ ಹಾಗೆ ಹೇಳುತ್ತಾರೆ. ಅಂಗಿಯ ಹೊಲಿಗೆಯಲ್ಲಿ ಒಂದು ಬಿಳಿ ಹುಳ ಸಿಕ್ಕಿಕೊಂಡು ಒದ್ದಾಡುತ್ತಿತ್ತು.

ಅಜ್ಜನಿಗೆ ತೋರಿಸಿದೆವು. ಅವರು ಹುಳವನ್ನು ನೋಡಿದರು, ನನ್ನನ್ನು ನೋಡಿದರು, ‘ಬರೆಸ್ತೇನೆ’ ಅಂದರು. ಮದ್ರಾಸಿಗೆ ಬರೆಸಿದರು. ಉತ್ತರ ಬರುವ ಮೊದಲು ನಾವೇ ಮದ್ರಾಸಿನಿಂದ ಕಳಚಿಕೊಂಡು ಮೈಸೂರು ರಾಜ್ಯಕ್ಕೆ ಸೇರಿಬಿಟ್ಟೆವು. ಕನ್ನಡಿಗರೆಲ್ಲ ಒಂದಾದರು ಎಂದು ಊರಲ್ಲಿ ಮೆರವಣಿಗೆ ಹೋಯಿತು. ಅಜ್ಜ ಅದರಲ್ಲೂ ಮುಂದಿನ ಸಾಲು. ಇನ್ನು ನಮ್ಮದೇ ಭಾಷೆಯ ಸರಕಾರ, ಬರೆದರೆ ಓದುತ್ತಾರೆ ಎಂದು ನಂಬಿದ್ದರು.

ಬರೆದರು. ಯಾರೂ ಓದಲಿಲ್ಲ. ಕಡೆಗೆ ಸ್ವತಃ ಹೊರಟರು. ಘಾಟಿಯ ಬಸ್ಸಿನಲ್ಲಿ ತಲೆ ಹೊರಗೆ ಹಾಕಿ ಕಾರುತ್ತ ಕಾರುತ್ತ ಹೋಗಿ, ಕೈಯಲ್ಲಿ ಹಲ್ವದ ಡಬ್ಬಿ ಹಿಡಿದುಕೊಂಡು ಮೈಸೂರಿನ ಇಲಾಖೆ ಕಚೇರಿಯ ಬೆಂಚಿನ ಮೇಲೆ ಕೂತರು. ಅಲ್ಲಿನವರು ಹೇಳಿದ್ದನ್ನು ಅಜ್ಜ ನಮಗೆ ಹಾಗೇ ಹೇಳಿದರು: ‘ನಿಮ್ಮ ಮಸೀದಿಯ ಫೈಲು ಮದ್ರಾಸಿಂದ ಬಂದಿಲ್ಲ ಸಾಹೇಬ್ರೇ. ಫೈಲು ಇಲ್ದೆ ನಾವೇನೂ ಮಾಡಕ್ಕಾಗಲ್ಲ.’

‘ಹಾಗಾದ್ರೆ ಎಣ್ಣೆ ನಾವೇ ಹಚ್ತೇವೆ’ ಅಂದರಂತೆ ಅಜ್ಜ.

‘ಅದು ಹೇಗ್ ಹಚ್ತೀರಿ? ಬೋರ್ಡ್ ಇದೆ ಅಂತೀರಲ್ಲ!’

ಹಲ್ವದ ಡಬ್ಬಿ ಮಾತ್ರ ಅಲ್ಲೇ ಉಳಿಯಿತು. ಅದಕ್ಕೆ ಫೈಲು ಬೇಕಾಗಲಿಲ್ಲ ನೋಡಿ.

ಫೈಲು ಇಲ್ಲದಿದ್ದರೂ ಅಧಿಕಾರಿಗಳಿಗೆ ನಮ್ಮ ಮನೆಯ ದಾರಿ ಗೊತ್ತಾಯಿತು. ಮಂಗಳೂರಿಗೆ ಬೇರೆ ಯಾವುದೋ ಕೆಲಸಕ್ಕೆ ಬಂದ ಆ ಇಲಾಖೆಯವರು, ‘ಹಾಗೇ ನಿಮ್ಮದನ್ನೂ ನೋಡಿ ಹೋಗೋಣ ಅಂತ ಬಂದ್ವಿ’ ಎಂದು ಊಟದ ಹೊತ್ತಿಗೆ ಸರಿಯಾಗಿ ಇಳಿಯುತ್ತಿದ್ದರು. ಉಮ್ಮನೂ ನಾನೂ ಬೆಳಗಿನಿಂದ ಹೊಗೆಯಲ್ಲಿ ಬೆಂದು ತುಪ್ಪದನ್ನ, ಕೋಳಿಸಾರು, ಹುರಿದ ಅಂಜಲ್ ಮೀನು ಮಾಡಬೇಕು. ಅಜ್ಜ ಪಕ್ಕದಲ್ಲಿ ನಿಂತು ಬಡಿಸಬೇಕು. ಒಬ್ಬ ಮಹಾರಾಯನಂತೂ ಎಲುಬು ಚೀಪಿ ಚೀಪಿ ಮೇಜಿನ ಮೇಲೆ ಗುಡ್ಡೆ ಹಾಕಿದ, ಗಡಿಗೆ ಉರುಳಿದ ಹಾಗೆ ತೇಗಿದ, ಎಲೆಯಡಿಕೆ ಬಾಯಿಗೆ ತುಂಬಿ ಅಂಗಳದ ದಾಸವಾಳದ ಬುಡಕ್ಕೆ ಉಗಿದ, ಪಳ್ಳಿಯ ಬಾಗಿಲಿನವರೆಗೆ ಹೋಗಿ ಶೂ ಬಿಚ್ಚುವ ಉದಾಸೀನಕ್ಕೆ ಹೊರಗಿನಿಂದಲೇ ಇಣುಕಿ ‘ಬ್ಯೂಟಿಫುಲ್’ ಎಂದು ಹೋದ. ತಲೆ ಎತ್ತಿದ್ದರೆ ತಾನೆ ಒರಲೆ ಕಾಣುವುದು? ಆ ಎಲುಬುಗಳನ್ನು ಬಾಚಿ ಎತ್ತಿದ್ದು ನಾನು. ನನ್ನ ಬೆರಳಿಗೆ ಆ ದಿವಸ ಹಿಡಿದ ಹೇಸಿಗೆ ಸಾಬೂನಿಗೆ ಹೋಗಲಿಲ್ಲ.

ಅಜ್ಜನಿಗೆ ಒಬ್ಬ ಗೆಳೆಯರಿದ್ದರು. ನಮ್ಮ ಕೇರಿಯ ತಿರುವಿನಲ್ಲಿ ಗೋಲಿ ಸೋಡಾದ ಅಂಗಡಿ ಇಟ್ಟಿದ್ದ ತುಳುವರು. ನಾವು ಮಕ್ಕಳು ಅವರನ್ನು ಸೋಡಾ ಮಾಮ ಎಂದೇ ಕರೆಯುವುದು. ಪಳ್ಳಿಗೆ ಎಣ್ಣೆ ಹಚ್ಚುವ ದಿನ ಏಣಿ ಅವರ ಅಂಗಡಿಯಿಂದಲೇ ಬರುತ್ತಿತ್ತು. ಒಂದು ಮಳೆಗಾಲದಲ್ಲಿ ಗಾಳಿಗೆ ತೆಂಗಿನ ಮಡಲು ಬಿದ್ದು ಪಳ್ಳಿಯ ಮಾಡಿನ ಹಂಚು ಒಡೆಯಿತು. ಸೋಡಾ ಮಾಮ ನಮ್ಮ ಚಾವಡಿಗೆ ಬಂದು ಕೂತರು.

‘ಬ್ಯಾರಿಗಳೇ, ಎಂತ ಕೂತದ್ದು? ನಡೀರಿ, ಹಂಚು ಹಾಕುವ.’

‘ಆಗುವುದಿಲ್ಲ ಮಾರಾಯ. ಪರ್ಮಿಶನ್ ಬೇಕು.’

‘ಹಂಚಿಗಾ?’

‘ಯಾವುದನ್ನೂ ಬದಲಾಯಿಸಬಾರದು ಅಂತ ಬೋರ್ಡಿನಲ್ಲಿ ಉಂಟು.’

ಸೋಡಾ ಮಾಮ ಹಣೆ ಚಚ್ಚಿಕೊಂಡರು. ‘ಮಂಗಳೂರಿನಲ್ಲಿ ಕೂತು ಒಂದು ಹಂಚು ಹಾಕ್ಲಿಕ್ಕೆ ಪರ್ಮಿಶನ್ನಾ! ಇಲ್ಲಿಂದ ಹಡಗಿನಲ್ಲಿ ಲೋಕಕ್ಕೆಲ್ಲ ಹಂಚು ಹೋಗ್ತದೆ, ನಿಮ್ಮ ಪಳ್ಳಿಗೆ ಮಾತ್ರ ಬರ್ಲಿಕ್ಕಿಲ್ಲ!’

ನಗು ಬರುವ ಮಾತೇ, ಆದರೆ ನನಗೆ ಅಳು ಬಂತು. ಅಡುಗೆಮನೆಯ ಬಾಗಿಲ ಸಂದಿಯಿಂದ ನಮ್ಮ ಅಂಗಳದ ಆಚೆಗೆ ಕಾರ್ಖಾನೆಯಲ್ಲಿ ಒಟ್ಟಿದ ಹಂಚಿನ ರಾಶಿ ಕಾಣುತ್ತಿತ್ತು. ಆ ಒಡೆದ ಜಾಗಕ್ಕೆ ಒಂದು ತಾಳೆಗರಿ ಮುಚ್ಚಿಸಿ ಅಜ್ಜ ಮತ್ತೆ ಬರೆಸಿದರು. ತಾಳೆಗರಿ ಕೊಳೆಯಿತು. ಆ ತೂತಿನಿಂದ ಮಳೆ ನೀರು, ನೀರಿನ ಹಿಂದೆ ಬಾವಲಿಗಳು. ಈಗ ಅಂಗಿಯ ಮೇಲೆ ಒರಲೆ ಮಣ್ಣಿನ ಜೊತೆ ಬಾವಲಿಯ ಹಿಕ್ಕೆಯೂ ಬರಲು ಶುರುವಾಯಿತು. ಮುಕ್ರಿ, ಅಂದರೆ ಬಾಂಗ್ ಕೊಟ್ಟು ಪಳ್ಳಿ ಗುಡಿಸುವವರು, ಪ್ರತಿ ನಮಾಜಿಗೂ ಮೊದಲು ಚಾಪೆ ಕೊಡವಬೇಕು. ಹಣೆ ನೆಲಕ್ಕೆ ಇಡುವ ಜಾಗ ಅದು. ಅಲ್ಲಿ ಹಿಕ್ಕೆ! ಯಾವ ಮನೆಯ ದನದ ಹಟ್ಟಿಯೂ ಅಷ್ಟು ಕೊಳಕಾಗಿ ಇರಲಿಲ್ಲ. ಬೋರ್ಡು ಮಾತ್ರ ಫಳಫಳ.

ಸೋಡಾ ಮಾಮ ಸುಮ್ಮನಿರುವ ಜನ ಅಲ್ಲ. ತಮ್ಮ ಕಡೆಯ ದೈವಸ್ಥಾನವನ್ನು ನೋಡಿ ಕಲಿಯಿರಿ ಎಂದು ಅಜ್ಜನಿಗೆ ಉಪದೇಶ ಮಾಡುತ್ತಿದ್ದರು. ಅಲ್ಲಿ ಯಾವ ಬೋರ್ಡೂ ಇರಲಿಲ್ಲ, ಕೇಳುವವರೂ ಇರಲಿಲ್ಲ. ಆ ಜನ ಏನು ಮಾಡಿದ್ದರು ಗೊತ್ತೇ? ಹಳೆಯ ಮರದ ಕಂಬಗಳನ್ನು ಕಿತ್ತು ಹಾಕಿ ಸಿಮೆಂಟಿನ ಕಂಬ ನಿಲ್ಲಿಸಿ, ಅದಕ್ಕೆ ಗಿಳಿಹಸಿರು ಆಯಿಲ್ ಪೇಂಟು ಬಳಿದಿದ್ದರು. ಕಂಬಗಳು ಒಬ್ಬ ಹೋಟೆಲಿನವನ ಒಲೆಗೆ ಹೋದವು. ಸೋಡಾ ಮಾಮ ಅದನ್ನು ಹೆಮ್ಮೆಯಿಂದ ತೋರಿಸಲು ನಮ್ಮನ್ನೆಲ್ಲ ಕರೆದುಕೊಂಡು ಹೋಗಿದ್ದರು. ಆ ಪೇಂಟಿನ ವಾಸನೆಗೆ ನನಗೆ ತಲೆಸುತ್ತು ಬಂತು. ಕೇಳುವವರಿಲ್ಲದೆ ಹಾಗೆ, ಕೇಳುವವರಿದ್ದು ಹೀಗೆ. ಎರಡಕ್ಕೂ ಧಿಕ್ಕಾರ.

ನನಗೆ ಮದುವೆಯಾಗಿ ಕಂಕನಾಡಿಯ ಕಡೆ ಮನೆ ಮಾಡಿದೆವು. ಹತ್ತಿರವೇ ಆದ್ದರಿಂದ ಆಗಾಗ ಬಂದು ಹೋಗುತ್ತಿದ್ದೆ. ಅಜ್ಜನ ದನಿ ಇಳಿದಿತ್ತು, ಹೊಟ್ಟೆಯೂ ಇಳಿದಿತ್ತು. ಪಾಕಿಸ್ತಾನದ ಜೊತೆ ಯುದ್ಧವಾದ ಆ ವರ್ಷ ರೇಡಿಯೊ ಹಾಕಿದರೆ ಅಜ್ಜ ಎದ್ದು ಬಾಗಿಲು ಮುಚ್ಚುತ್ತಿದ್ದರು, ನಾವು ಯಾವ ಸ್ಟೇಷನ್ ಕೇಳುತ್ತೇವೆ ಎಂದು ದಾರಿಯಲ್ಲಿ ಹೋಗುವವರಿಗೆ ಸಂಶಯ ಬರಬಾರದೆಂದು. ಶುಕ್ರವಾರ ಮಾತ್ರ ಒರೆಸುತ್ತಿದ್ದ ಬೋರ್ಡನ್ನು ನಡುವೆ ನಡುವೆಯೂ ಹೋಗಿ ಒರೆಸುತ್ತಿದ್ದರು.

ಯುದ್ಧ ಮುಗಿದ ಮೇಲಿನ ಬೇಸಗೆಯಲ್ಲಿ ಸೋಡಾ ಮಾಮ ಕಡೆಯ ಸಲ ಬಂದರು. ಕೈಯಲ್ಲಿ ಎಣ್ಣೆಯ ಡಬ್ಬಿಯೇ ಇತ್ತು. ಗೇರುಬೀಜದ ಕಾರ್ಖಾನೆಯಿಂದ ತರಿಸಿದ್ದರಂತೆ.

‘ಏಣಿ ಹೊರಗೆ ಇಟ್ಟಿದ್ದೇನೆ. ನೀವು ಬರುವುದು ಬೇಡ ಬ್ಯಾರಿಗಳೇ. ಕಣ್ಣು ಮುಚ್ಚಿ ಮನೆಯಲ್ಲಿ ಕೂತುಕೊಳ್ಳಿ. ನಿಮ್ಮ ಹುಡುಗರು, ನಮ್ಮ ಹುಡುಗರು ಸೇರಿ ಒಂದು ದಿವಸದಲ್ಲಿ ಹಚ್ಚಿ ಮುಗಿಸ್ತೇವೆ. ಯಾರು ನೋಡ್ತಾರೆ?’

‘ನೋಡಿದರೆ ಜೈಲಿಗೆ ಹಾಕ್ತಾರೆ.’

‘ನನ್ನನ್ನು ಹಾಕಲಿ ಮಾರಾಯ!’

‘ನಿನ್ನನ್ನು ಹಾಕಿದರೆ ಎಣ್ಣೆ ಹಚ್ಚಿದ್ದಕ್ಕೆ ಹಾಕಿದರು ಅಂತ ಹೇಳ್ತಾರೆ,’ ಎಂದರು ಅಜ್ಜ. ‘ನನ್ನನ್ನು ಹಾಕಿದರೆ ಎಂತ ಹೇಳ್ತಾರೆ, ನೀನೇ ಹೇಳು.’

ಸೋಡಾ ಮಾಮ ಡಬ್ಬಿಯನ್ನು ನಮ್ಮ ಜಗಲಿಯಲ್ಲಿಟ್ಟು, ಏಣಿ ಹೆಗಲಿಗೇರಿಸಿಕೊಂಡು ಹೋದರು. ನಾನು ಉಮ್ಮನ ಹತ್ತಿರ ಹೋಗಿ ಬಾಯಿಗೆ ಬಂದ ಹಾಗೆ ಬಯ್ದೆ. ಅಜ್ಜನನ್ನು, ಇಲಾಖೆಯನ್ನು, ಮದ್ರಾಸನ್ನು, ಮೈಸೂರನ್ನು, ಕರಾಚಿಯ ಹಡಗಿನ ತಮಾಷೆ ಮಾಡಿದವರನ್ನು, ಅದಕ್ಕೆ ಹಲ್ಲು ಬಿಟ್ಟ ನಮ್ಮವರನ್ನು. ಉಮ್ಮ ಅಕ್ಕಿ ಆರಿಸುತ್ತಾ, ‘ಆಯ್ತಾ? ಇನ್ನು ಬೆಳ್ಳುಳ್ಳಿ ಸುಲಿ’ ಅಂದರು.

ಮುಂದಿನ ಮಳೆಗಾಲದಲ್ಲಿ ಅದು ಬಿತ್ತು. ಹಗಲು ಹೊತ್ತು, ಎರಡು ನಮಾಜುಗಳ ನಡುವೆ, ಪಳ್ಳಿಯಲ್ಲಿ ಯಾರೂ ಇರಲಿಲ್ಲ. ನಾನು ಮಗುವನ್ನು ಕರೆದುಕೊಂಡು ಅಜ್ಜನ ಮನೆಗೆ ಬಂದಿದ್ದೆ. ದೊಡ್ಡ ಸದ್ದೇನೂ ಆಗಲಿಲ್ಲ, ಅದೇ ಆಶ್ಚರ್ಯ. ಅಷ್ಟು ದೊಡ್ಡ ಮುಚ್ಚಿಗೆ ಬಿದ್ದರೆ ಇಡೀ ಕೇರಿ ನಡುಗಬೇಕು. ಮುಕ್ರಿ ಓಡಿ ಬಂದು ಹೇಳಿದ ಮೇಲೆಯೇ ನಮಗೆ ಗೊತ್ತಾದದ್ದು.

ಗಂಡಸರು ಹೆಂಗಸರು ಎನ್ನದೆ ಎಲ್ಲರೂ ಓಡಿದೆವು. ಹುಡುಗಿಯಾಗಿದ್ದಾಗ ಬಿಟ್ಟರೆ ಅದೇ ಮೊದಲು ನಾನು ಪಳ್ಳಿಯೊಳಗೆ ಹೋದದ್ದು, ಅಬ್ಬಾ, ಯಾವ ನರಕಕ್ಕೆ! ನೆಲದ ತುಂಬ ಕೆಂಪು ಮಣ್ಣಿನ ರಾಶಿ, ಅದರ ಮೇಲೆ ಬಾವಲಿಗಳ ಹಿಕ್ಕೆ, ಬಿಳಿ ಹುಳಗಳು ಗಿಜಿಗುಟ್ಟುತ್ತಿದ್ದವು. ನಡುವೆ ತಾವರೆಗಳು. ಒಂದು ತಾವರೆ ಚೂರೂ ಮುಕ್ಕಾಗದೆ ಮಗುಚಿ ಬಿದ್ದಿತ್ತು. ಎತ್ತಿಕೊಳ್ಳಲು ಹೋದೆ. ಬೆರಳು ತಾಗಿದ್ದೇ ಹಪ್ಪಳದ ಹಾಗೆ ಪುಡಿಯಾಯಿತು. ಹೊರಗಿನ ಚರ್ಮ ಮಾತ್ರ ಬಿಟ್ಟು ಒಳಗಿನದೆಲ್ಲ ತಿಂದು ಮುಗಿಸಿದ್ದವು. ಅದಕ್ಕೇ ಸದ್ದಾಗಲಿಲ್ಲ. ನನ್ನ ಅಂಗೈಯಲ್ಲಿ ಹುಳ ಹರಿಯಿತು. ಹೊರಗೆ ಓಡಿ ಬಂದು ಕಾಲು ತೊಳೆಯುವ ಕೊಳದ ಪಕ್ಕ ನಿಂತು ಕಾರಿಕೊಂಡೆ.

ಅಜ್ಜ ಒಳಗೆ ಬರಲಿಲ್ಲ. ಬೋರ್ಡಿನ ಕೆಳಗೆ ಮಳೆಯಲ್ಲಿ ಕೊಡೆ ಇಲ್ಲದೆ ನಿಂತಿದ್ದರು. ಸೋಡಾ ಮಾಮ ಬಂದು ತಮ್ಮ ಕೊಡೆ ಹಿಡಿದು ಮನೆಗೆ ಕರೆದುಕೊಂಡು ಬಂದರು.

ಅಷ್ಟು ವರ್ಷ ಸಿಗದ ಫೈಲು, ಮುಚ್ಚಿಗೆ ಬಿದ್ದ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ಸಿಕ್ಕಿತು. ಮಳೆ ಬಿಡುವಷ್ಟರಲ್ಲಿ ಅಧಿಕಾರಿಯೂ ಬಂದ, ಜೀಪಿನಲ್ಲಿ, ಬಗಲಲ್ಲಿ ಆ ಫೈಲನ್ನೇ ಇಟ್ಟುಕೊಂಡು. ಹೊಸಬ, ವಯಸ್ಸೂ ಹೆಚ್ಚಿಲ್ಲ. ಮೂಗಿಗೆ ಕರ್ಚೀಫು ಹಿಡಿದು ಪಳ್ಳಿಯ ಒಳಗೆ ಹೋಗಿ ಬಂದು, ನಮ್ಮ ಚಾವಡಿಯಲ್ಲಿ ಕುರ್ಚಿ ಹಾಕಿಸಿ ಕೂತ. ಅಜ್ಜ ನಿಂತರು. ಅವರದೇ ಮನೆ, ಅವರದೇ ಚಾವಡಿ, ಅವನ ಅಜ್ಜನ ವಯಸ್ಸಿನವರು ಕೈಕಟ್ಟಿ ನಿಂತರು. ಉಮ್ಮನೂ ನಾನೂ ಬಾಗಿಲ ಹಿಂದೆ.

‘ಏನ್ರೀ ಇದು?’ ಎಂದ. ‘ರಾಷ್ಟ್ರದ ಆಸ್ತಿ ಕಣ್ರೀ. ನಿಮ್ಮ ಕೈಗೆ ಕೊಟ್ಟಿದ್ದಕ್ಕೆ ಈ ಗತಿ ಮಾಡಿದ್ದೀರಲ್ಲ! ನಿಮ್ಮ ಜನಕ್ಕೆ ಹಳೇದರ ಬೆಲೆ ಗೊತ್ತೇ ಇಲ್ಲ.’

ಫೈಲು ಬಿಚ್ಚಿ ಒಂದು ಹಾಳೆ ಮಗುಚಿದ.

‘ಹಿಂದೆ ವರ್ಷ ವರ್ಷ ಅದೇನೋ ಎಣ್ಣೆ ಹಚ್ತಾ ಇದ್ರಂತೆ. ಗೇರೆಣ್ಣೆ ಒಳ್ಳೇದು ಕಣ್ರೀ, ಗೆದ್ದಲು ಹತ್ರ ಸುಳಿಯಲ್ಲ. ಅದನ್ನ ಯಾಕ್ರೀ ನಿಲ್ಲಿಸಿದ್ರಿ?’

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಸೆರಗು ತಲೆಗೆ ಎಳೆದುಕೊಂಡು ಬಾಗಿಲು ದಾಟಿಯೇ ಬಿಟ್ಟೆ. ‘ನಿಲ್ಲಿಸಿದ್ದು ನೀವು! ನಿಮ್ಮವರೇ ಬಂದು ಬೇಡ ಹೇಳಿ ಬೋರ್ಡು ಹೊಡೆದು ಹೋದದ್ದು. ನಿಮ್ಮ ಫೈಲಿನಲ್ಲಿ ಅದು ಇಲ್ವಾ? ನೋಡಿ!’

ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಜ್ಜನನ್ನೇ ನೋಡುತ್ತ, ಉತ್ತರಕ್ಕೆ ಕಾದು ಕೂತ. ಅಜ್ಜ ನನ್ನ ಕಡೆ ಕೈ ಎತ್ತಿದರು, ಒಳಗೆ ಹೋಗು ಎಂಬಂತೆ. ಮತ್ತೆ ಎರಡೂ ಕೈ ಜೋಡಿಸಿ, ‘ತಪ್ಪಾಯಿತು ಸ್ವಾಮಿ’ ಎಂದರು.

ಅಧಿಕಾರಿಗೆ ಸಮಾಧಾನವಾಯಿತು. ಚಾ ಕುಡಿದ. ಪಳ್ಳಿಯನ್ನು ಇನ್ನು ರಕ್ಷಣೆಯ ಪಟ್ಟಿಯಿಂದ ತೆಗೆದುಹಾಕುತ್ತೇವೆ, ನೀವು ಬೇಕಾದ ಹಾಗೆ ಕಟ್ಟಿಕೊಳ್ಳಬಹುದು ಎಂದು ಹೇಳಿ ಜೀಪು ಹತ್ತಿದ.

ಅವನು ಹೋದ ಮೇಲೆ ನಾನು ಅಜ್ಜನ ಎದುರಿಗೆ ಬಂದು ನಿಂತೆ. ನನಗೆ ಅಷ್ಟೊತ್ತಿಗೆ ಎಲ್ಲರ ಮೇಲಿನ ಹೇಸಿಗೆ ಒಟ್ಟಾಗಿ ಅಜ್ಜನ ಮೇಲೆ ತಿರುಗಿತ್ತು. ಆ ಜಂಬದ ಮನುಷ್ಯ, ಬಂದರನ್ನೇ ಅಲುಗಿಸುವ ಗಂಟಲಿನವರು, ಒಬ್ಬ ಹುಡುಗನ ಮುಂದೆ ಕೈಮುಗಿದು ನಿಂತದ್ದನ್ನು ನನಗೆ ಸಹಿಸಲಿಕ್ಕಾಗಲಿಲ್ಲ.

‘ನೀವು ಯಾಕೆ ತಪ್ಪಾಯಿತು ಹೇಳಿದ್ದು?’ ಎಂದು ಕೇಳಿದೆ. ‘ಹಚ್ಚಬೇಡಿ ಹೇಳಿದ್ದು ಅವರಲ್ವಾ? ನೀವೆಂತ ತಪ್ಪು ಮಾಡಿದ್ದೀರಿ?’

ಅಜ್ಜ ಅಧಿಕಾರಿ ಕೂತಿದ್ದ ಕುರ್ಚಿಯಲ್ಲಿ ಕೂರಲಿಲ್ಲ. ನೆಲದ ಮೇಲೆ ಗೋಡೆಗೆ ಒರಗಿ ಕೂತರು.

‘ಬೇಡ ಹೇಳಿದವರು ಒಂದು ದಿವಸ ಬಂದು ಹೋದವರು ಮಗಾ. ಅದರ ಕೆಳಗೆ ದಿನಾ ನಿಂತವ ನಾನು. ಒರಲೆ ತಿನ್ನುವ ಸದ್ದು ನನಗೆ ಕೇಳ್ತಿತ್ತು. ನಮಾಜಿಗೆ ನಿಂತು ಎಲ್ಲರೂ ಸುಮ್ಮನಾದಾಗ ತಲೆಯ ಮೇಲೆಯೇ ಕೇಳ್ತಿತ್ತು, ಕರಕರ ಅಂತ.’

ನನ್ನ ಮುಖ ನೋಡದೆ ಮತ್ತೆ ಹೇಳಿದರು: ‘ಕೇಳಿಯೂ ಸುಮ್ಮನಿದ್ದೆ. ಒಳ್ಳೆಯವ ಅಂತ ಅವರ ಬಾಯಲ್ಲಿ ಹೇಳಿಸಿಕೊಳ್ಳಬೇಕಿತ್ತು ನನಗೆ.’